ಪಾತರಗಿತ್ತಿಗೆ ಎಂಥ ಲೆನ್ಸ್? ಮೂರು ನಾಣ್ಯ, ಒಂದು ಮೊಳದ ಲೆಕ್ಕ

ಬಳ್ಳಾರಿಯಲ್ಲಿ ಮದುವೆಯ ಫೋಟೊ ತೆಗೆಯುವ ಬಹಳ ಮಂದಿಯ ಚೀಲದಲ್ಲಿ ಒಂದು ಲೆನ್ಸ್ ಇರುತ್ತದೆ. ಅದು ಮುಹೂರ್ತದಲ್ಲಿ ಹೊರಗೆ ಬರುವುದಿಲ್ಲ, ಊಟದ ಪಂಕ್ತಿಯಲ್ಲಿಯೂ ಇಲ್ಲ. ತಾಳಿ, ಕಾಲುಂಗುರ, ಮದರಂಗಿ ಹಚ್ಚಿದ ಅಂಗೈ, ಇವುಗಳ ಸರದಿ ಬಂದಾಗ ಹತ್ತು ನಿಮಿಷ ಕೆಲಸ ಮಾಡಿ ಮತ್ತೆ ಚೀಲ ಸೇರುತ್ತದೆ. ನಮ್ಮ ಓಣಿಯ ಫೋಟೊಗ್ರಾಫರ್ ಅದನ್ನು ‘ತಾಳಿ ಲೆನ್ಸ್’ ಎಂದೇ ಕರೆಯುತ್ತಾರೆ. ಪೆಟ್ಟಿಗೆಯ ಮೇಲೆ ಬರೆದಿರುವುದು 100 ಮಿ.ಮೀ. ಮ್ಯಾಕ್ರೊ ಎಂದು. ಮಿ.ಮೀ. ಲೆಕ್ಕ ಲೆನ್ಸಿನ ಫೋಕಲ್ ದೂರದ್ದು, ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಮ್ಯಾಕ್ರೊ ಎಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವಂಥದ್ದು. ಚಾವಣಿಯ ಕೆಳಗೆ ಚಿಟ್ಟೆಗಳನ್ನು ಹಾರಲು ಬಿಟ್ಟಿರುವ ಚಿಟ್ಟೆ ಮನೆಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಅದು ಸಿಗದಿದ್ದರೂ ಚಿಂತೆಯಿಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಜೂಮ್ ಲೆನ್ಸೇ ಸಾಕಾಗುವ ಸಾಧ್ಯತೆ ಹೆಚ್ಚು. ಸಾಕೇ ಸಾಲದೇ ಎಂದು ಮನೆಯಲ್ಲೇ ಕುಳಿತು ಅಳೆದು ನೋಡುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ನಾನು ಮೊದಲ ಸಲ ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೆ ಹೋದಾಗ ಹೀಗೆ ಅಳೆದಿರಲಿಲ್ಲ. ತುಂಗಭದ್ರಾ ಹಿನ್ನೀರಿನ ಹಕ್ಕಿಗಳಿಗೆಂದು ಕೊಂಡಿದ್ದ 150-600 ಮಿ.ಮೀ. ಲೆನ್ಸನ್ನು ಹೆಗಲಿಗೆ ಹಾಕಿಕೊಂಡು, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಹೋಗಿದ್ದೆ. ಒಳಗೆ ಹೋದ ಐದನೆಯ ನಿಮಿಷಕ್ಕೆ ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆಯೊಂದು ನನ್ನ ಮುಂದಿನ ಹೂವಿನ ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕುಳಿತಿತು. ಲೆನ್ಸ್ ಗುಂಯ್‌ಗುಟ್ಟುತ್ತ ಮುಂದೆ ಹೋಯಿತು, ಹಿಂದೆ ಬಂತು, ಎಲ್ಲಿಯೂ ನಿಲ್ಲಲಿಲ್ಲ. ಅದು ಫೋಕಸ್ ಹಿಡಿಯಬೇಕಾದರೆ ವಸ್ತುವಿನಿಂದ ಕನಿಷ್ಠ 2.8 ಮೀಟರ್ ದೂರ ಇರಬೇಕು. ಹಿಂದೆ ಸರಿಯೋಣವೆಂದರೆ ಶಾಲಾ ಮಕ್ಕಳ ಸಾಲು. ಸರಿದಾಗಲೂ ನನಗೂ ಚಿಟ್ಟೆಗೂ ನಡುವೆ ಯಾರದಾದರೂ ತಲೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿಟ್ಟೆಯ ಫೋಟೊ ತೆಗೆದುಕೊಂಡು, ನನ್ನ ಫಿರಂಗಿಯನ್ನು ಒಮ್ಮೆ ನೋಡಿ, ಮುಂದೆ ಹೋದಳು.

ಅಂದು ತಲೆಗೆ ಹೋದ ಮಾತು: ಚಿಟ್ಟೆ ಮನೆಗೆ ಲೆನ್ಸ್ ಎಷ್ಟು ದೂರ ನೋಡುತ್ತದೆ ಎಂಬುದು ಮುಖ್ಯವಲ್ಲ, ಎಷ್ಟು ಹತ್ತಿರ ನೋಡುತ್ತದೆ ಎಂಬುದು ಮುಖ್ಯ. ಆದರೆ ತೀರಾ ಹತ್ತಿರವೂ ಕೂಡದು.

ಮೊದಲ ಹೆಜ್ಜೆ: ನಾಣ್ಯಗಳನ್ನು ಸಾಲಾಗಿ ಇಡಿ

ಅಂಗಡಿಯವರು ಬೇಡವೆಂದು ನಮ್ಮ ಕೈಗೇ ವಾಪಸು ಕೊಡುವ ಹತ್ತು ರೂಪಾಯಿಯ ನಾಣ್ಯಗಳಿಗೆ ಇಲ್ಲಿ ಕೊನೆಗೂ ಒಂದು ಉಪಯೋಗವಿದೆ. ಅದರ ವ್ಯಾಸ 27 ಮಿ.ಮೀ. ಐದಾರು ನಾಣ್ಯಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗುವಂತೆ ಅಡ್ಡಸಾಲಿನಲ್ಲಿಡಿ. ಜೂಮ್ ಆಗಿದ್ದರೆ ಲೆನ್ಸನ್ನು ಪೂರ್ತಿ ಉದ್ದಕ್ಕೆ ಚಾಚಿ. ಕ್ಯಾಮೆರಾವನ್ನು ಅಡ್ಡವಾಗಿ ಹಿಡಿದು, ಫೋಕಸ್ ಸಿಗುವ ಅತ್ಯಂತ ಹತ್ತಿರದ ಜಾಗದವರೆಗೆ ಹೋಗಿ ಒಂದು ಫೋಟೊ ತೆಗೆಯಿರಿ. ಈಗ ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ನಾಣ್ಯ ಹಿಡಿದಿವೆ ಎಂದು ಎಣಿಸಿ.

ಮೂರು ಅಥವಾ ಅದಕ್ಕಿಂತ ಕಡಿಮೆ ಹಿಡಿದರೆ ನಿಮ್ಮ ಲೆನ್ಸ್ ಪಾಸು. ನಾಲ್ಕು ಹಿಡಿದರೂ ಅಡ್ಡಿಯಿಲ್ಲ, ದೊಡ್ಡ ಚಿಟ್ಟೆಗಳಿಗೆ ಸಾಕು. ಆರೇಳು ಹಿಡಿದರೆ ಆ ಲೆನ್ಸಿನಲ್ಲಿ ಹೂವಿನ ಮೇಲೆ ಚಿಟ್ಟೆ ಬರುವುದಿಲ್ಲ, ತೋಟದಲ್ಲೊಂದು ಚುಕ್ಕೆ ಬರುತ್ತದೆ.

ಮೂರೇ ಏಕೆಂದರೆ, ಮೂರು ನಾಣ್ಯವೆಂದರೆ 81 ಮಿ.ಮೀ. ಎಕ್ಕದ ಗಿಡದ ಸುತ್ತ ಸುಳಿಯುವ ಪ್ಲೇನ್ ಟೈಗರ್ ಚಿಟ್ಟೆ ರೆಕ್ಕೆ ಬಿಚ್ಚಿದರೆ ಏಳೆಂಟು ಸೆಂ.ಮೀ. ಅಗಲ. ಮಡಿಸಿ ಕುಳಿತರೆ ಅದರ ಅರ್ಧದಷ್ಟು. ಅಂದರೆ ಮಡಿಸಿ ಕುಳಿತ ಚಿಟ್ಟೆ ಚೌಕಟ್ಟಿನ ಅರ್ಧವನ್ನು ತುಂಬುತ್ತದೆ, ಸುತ್ತ ಉಸಿರಾಡಲು ಜಾಗ ಉಳಿಯುತ್ತದೆ. ಬಿಚ್ಚಿ ಕುಳಿತರೆ ನೀವು ಒಂದು ಹೆಜ್ಜೆ ಹಿಂದೆ ಸರಿದರಾಯಿತು. ಚಿಟ್ಟೆ ಮನೆಗಳಲ್ಲಿ ಸಾಮಾನ್ಯವಾಗಿ ಸಾಕುವುದು ನೋಡುಗರ ಕಣ್ಣಿಗೆ ಬೀಳುವ ದೊಡ್ಡ ಜಾತಿಗಳನ್ನು. ಕಾಮನ್ ಮಾರ್ಮನ್ ಒಂಬತ್ತು ಹತ್ತು ಸೆಂ.ಮೀ. ಇರುತ್ತದೆ. ನಮ್ಮ ರಾಜ್ಯದ ಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್, ಅದೇ ಕಪ್ಪು ಹಳದಿಯ ಭಾರಿ ಚಿಟ್ಟೆ, 14ರಿಂದ 19 ಸೆಂ.ಮೀ.ವರೆಗೂ ಹೋಗುತ್ತದೆ. ಆರು ನಾಣ್ಯಗಳಾದರೂ ಬೇಕು.

ಅಂಗಡಿಯಲ್ಲಿ ‘ಒಂದಕ್ಕೊಂದು ಮ್ಯಾಕ್ರೊ ಇಲ್ಲದಿದ್ದರೆ ಚಿಟ್ಟೆ ತೆಗೆಯಲು ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಈ ನಾಣ್ಯಗಳನ್ನು ನೆನೆಯಿರಿ. ಒಂದಕ್ಕೊಂದು ಎಂದರೆ ವಸ್ತು ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ ಸೆನ್ಸರಿನ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ, ಮೇಲೆ ಮೂಡುವುದು. ಎಪಿಎಸ್-ಸಿ ಎಂಬ ಸಾಮಾನ್ಯ ಅಳತೆಯ ಕ್ಯಾಮೆರಾದಲ್ಲಿ ಸೆನ್ಸರ್ ಅಗಲ ಸುಮಾರು 23.5 ಮಿ.ಮೀ. ಹಾಗಾಗಿ ಒಂದಕ್ಕೊಂದರಲ್ಲಿ ಒಂದು ನಾಣ್ಯವೂ ಪೂರ್ತಿ ಹಿಡಿಯುವುದಿಲ್ಲ. ಅಷ್ಟು ಹತ್ತಿರ ಬೇಕಾಗುವುದು ಚಿಟ್ಟೆಯ ಕಣ್ಣು, ಸುರುಳಿ ಸುತ್ತಿದ ಹೀರುನಳಿಗೆ, ರೆಕ್ಕೆಯ ಪುಡಿಯಂಥ ಹುರುಪೆ, ಎಲೆಯ ಮೇಲಿನ ಮೊಟ್ಟೆ ಇವುಗಳಿಗೆ. ಇಡೀ ಚಿಟ್ಟೆಗೆ ಅದರ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗಿಸಿದರೆ ಸಾಕು. ನಾಣ್ಯದ ಪರೀಕ್ಷೆಯ ಇನ್ನೊಂದು ಸುಖವೆಂದರೆ ಸೆನ್ಸರ್ ದೊಡ್ಡದೋ ಸಣ್ಣದೋ ಎಂಬ ಲೆಕ್ಕವೇ ಬೇಡ. ನಿಮ್ಮ ಕ್ಯಾಮೆರಾ, ನಿಮ್ಮ ಲೆನ್ಸ್, ನಿಮ್ಮ ನಾಣ್ಯ, ಎಣಿಕೆ ಮುಗಿಯಿತು.

ಎರಡನೆಯ ಹೆಜ್ಜೆ: ಮೊಳ ಹಾಕಿ

ನಾಣ್ಯದಲ್ಲಿ ಪಾಸಾದ ಕೂಡಲೇ ಹಿಗ್ಗಬೇಡಿ. ಕ್ಯಾಮೆರಾದ ಜೊತೆ ಬರುವ 18-55 ಲೆನ್ಸ್ ಈ ಪರೀಕ್ಷೆಯಲ್ಲಿ ಭರ್ಜರಿಯಾಗಿ ಗೆಲ್ಲುತ್ತದೆ. ಇತ್ತೀಚಿನವು ಎರಡೂವರೆ ನಾಣ್ಯದವರೆಗೂ ಹೋಗುತ್ತವೆ. ಆದರೆ ಆ ಫೋಟೊ ತೆಗೆಯುವಾಗ ಲೆನ್ಸಿನ ಮೂತಿ ಎಲ್ಲಿತ್ತು ನೋಡಿದಿರಾ? ನಾಣ್ಯದಿಂದ ಒಂದು ಗೇಣಿಗೂ ಕಡಿಮೆ. ನಾಣ್ಯ ಹಾರಿಹೋಗುವುದಿಲ್ಲ. ಚಿಟ್ಟೆ ಹಾರಿಹೋಗುತ್ತದೆ. ಹಾರದಿದ್ದರೂ ನಿಮ್ಮ ಕ್ಯಾಮೆರಾದ ನೆರಳು ಅದರ ಮೇಲೆ ಬೀಳುತ್ತದೆ, ಮತ್ತು ನಿಮ್ಮ ಮೊಣಕೈ ಹೂವಿನ ಗಿಡವನ್ನು ಅಲ್ಲಾಡಿಸುತ್ತದೆ.

ಹಾಗಾಗಿ ಎರಡನೆಯ ಅಳತೆ, ಮೊಳ. ಮೂರು ನಾಣ್ಯ ಹಿಡಿಯುವ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಲೆನ್ಸಿನ ಮೂತಿಯಿಂದ ನಾಣ್ಯದವರೆಗೆ ಮೊಳ ಹಾಕಿ ನೋಡಿ. ಕನಿಷ್ಠ ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ಸಿಕ್ಕರೆ ಚಿಟ್ಟೆ ನಿಮ್ಮನ್ನು ಸಹಿಸುತ್ತದೆ. ಒಂದು ಮಾರಿಗಿಂತ ಹೆಚ್ಚಾದರೆ ಚಿಟ್ಟೆ ಸಹಿಸಿದರೂ ಜನಜಂಗುಳಿ ಬಿಡುವುದಿಲ್ಲ, ನನ್ನ ಫಿರಂಗಿಯ ಕಥೆಯಾಗುತ್ತದೆ. ಮೊಳಕ್ಕೂ ಮಾರಿಗೂ ನಡುವಿನ ಜಾಗವೇ ನಮ್ಮದು.

ಇಲ್ಲೊಂದು ಎಚ್ಚರಿಕೆ. ಲೆನ್ಸಿನ ವಿವರಪಟ್ಟಿಯಲ್ಲಿ ‘ಕನಿಷ್ಠ ಫೋಕಸ್ ದೂರ’ ಎಂದು ಬರೆದಿರುತ್ತದೆ. ಅದನ್ನು ಅಳೆಯುವುದು ಲೆನ್ಸಿನ ಮೂತಿಯಿಂದ ಅಲ್ಲ, ಕ್ಯಾಮೆರಾದ ಹಿಂದಿರುವ ಸೆನ್ಸರಿನಿಂದ. 100 ಮಿ.ಮೀ. ಮ್ಯಾಕ್ರೊ ಲೆನ್ಸಿಗೆ 30 ಸೆಂ.ಮೀ. ಎಂದಿದ್ದರೆ ಅದರಲ್ಲಿ ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಎರಡನ್ನೂ ಕಳೆಯಬೇಕು. ಉಳಿಯುವುದು ಹದಿನೈದು ಸೆಂ.ಮೀ.ಗಿಂತ ಕಡಿಮೆ. ಆದ್ದರಿಂದಲೇ ಪಟ್ಟಿಗಿಂತ ಮೊಳ ನಂಬಿಕಸ್ಥ.

ಯಾವ ಲೆನ್ಸ್ ಎಲ್ಲಿ ನಿಲ್ಲುತ್ತದೆ

90ರಿಂದ 105 ಮಿ.ಮೀ. ಮ್ಯಾಕ್ರೊ. ಟ್ಯಾಮ್ರಾನ್ 90, ಸೋನಿ 90, ಕ್ಯಾನನ್ 100, ನಿಕಾನ್ 105, ಸಿಗ್ಮಾ 105, ಎಲ್ಲವೂ ಎಫ್/2.8 (ಬೆಳಕು ಬಿಡುವ ರಂಧ್ರ, ಅಂದರೆ ಅಪರ್ಚರ್, ಎಷ್ಟು ತೆರೆಯುತ್ತದೆ ಎಂಬ ಅಳತೆ; ಅಂಕಿ ಸಣ್ಣದಾದಷ್ಟೂ ರಂಧ್ರ ದೊಡ್ಡದು), ಎಲ್ಲವೂ ಒಂದಕ್ಕೊಂದರವರೆಗೆ ಹೋಗುವಂಥವು. ನಿಕಾನ್‌ನವರು ಮಾತ್ರ ತಮ್ಮ ಲೆನ್ಸಿಗೆ ಮ್ಯಾಕ್ರೊ ಎನ್ನದೆ ಮೈಕ್ರೊ ಎನ್ನುತ್ತಾರೆ, ಗಾಬರಿಯಾಗಬೇಡಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಮೂರು ನಾಣ್ಯಕ್ಕೆ ನಿಲ್ಲಿಸಿದರೆ ಸರಿಸುಮಾರು ಒಂದು ಮೊಳ ಸಿಗುತ್ತದೆ. ಬರ್ಡ್‌ವಿಂಗ್ ಬಂದರೆ ಹಿಂದೆ ಸರಿಯಬಹುದು, ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಿದ ಚಿಟ್ಟೆ ಕೋಶಗಳಿದ್ದರೆ ಗಾಜಿಗೆ ತಾಗುವಷ್ಟು ಮುಂದೆ ಹೋಗಬಹುದು. ಕೊಳ್ಳುವ ಮನಸ್ಸಿದ್ದರೆ ಇದನ್ನೇ ಕೊಳ್ಳಿ. ಇವುಗಳಲ್ಲಿ ಯಾವುದು ಚೆನ್ನ ಎಂದು ರಾತ್ರಿಯಿಡೀ ವಿಡಿಯೊ ನೋಡುವ ಅಗತ್ಯವಿಲ್ಲ, ಮಸುಕಾಗಿ ತೆಗೆಯುವಂಥದ್ದು ಈ ಗುಂಪಿನಲ್ಲಿ ಯಾವುದೂ ಇಲ್ಲ. ಹಳೆಯದನ್ನು ಕೊಳ್ಳುವ ನಿಕಾನ್ ಬಳಕೆದಾರರು ಒಂದು ವಿಷಯ ನೋಡಿಕೊಳ್ಳಬೇಕು: ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ. ಲೆನ್ಸಿನಲ್ಲಿಯೂ ಮೋಟರ್ ಇಲ್ಲದ ಹಳೆಯ ಮಾದರಿಯಾದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕಾಗುತ್ತದೆ.

40ರಿಂದ 60 ಮಿ.ಮೀ. ಮ್ಯಾಕ್ರೊ. ಬೆಲೆ ಕಡಿಮೆ, ಕೈಗೆ ಹಗುರ. ಆದರೆ ಮೂರು ನಾಣ್ಯಕ್ಕೆ 60ರಲ್ಲಿ ಸಿಗುವುದು ಒಂದು ಗೇಣು, 40ರಲ್ಲಿ ಅದೂ ಇಲ್ಲ. ಒಡವೆ ಅಂಗಡಿಯ ಪಟ್ಟಿಗೆ ಚಿತ್ರ ತೆಗೆಯಲು ಒಳ್ಳೆಯದು. ಚಿಟ್ಟೆಗೆ ನಾನು ಹೇಳುವುದಿಲ್ಲ.

55-250, 70-300ರಂಥ ಜೂಮ್‌ಗಳು. ಬಹುತೇಕರ ಮನೆಯಲ್ಲಿ ಇರುವುದು ಇದೇ, ಮತ್ತು ಬಹುತೇಕರು ಕಡೆಗಣಿಸುವುದೂ ಇದನ್ನೇ. ಕ್ಯಾನನ್ನಿನ 55-250 ಎಸ್‌ಟಿಎಂ ಲೆನ್ಸ್ 85 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, ಅಲ್ಲಿ ಮೂರಕ್ಕೂ ಸ್ವಲ್ಪ ಕಡಿಮೆ ನಾಣ್ಯ ಹಿಡಿಯುತ್ತದೆ. ಮೂತಿಯಿಂದ ಮೊಳ ಹಾಕಿದರೆ ಒಂದೂವರೆಯ ಹತ್ತಿರ. ಇದಕ್ಕಿಂತ ಇನ್ನೇನು ಬೇಕು? ನಿಕಾನ್ 70-300 ಎಎಫ್-ಪಿ ನಾಲ್ಕು ನಾಣ್ಯದಲ್ಲಿ ನಿಲ್ಲುತ್ತದೆ, ಅದೂ ಪರವಾಗಿಲ್ಲ. ಟ್ಯಾಮ್ರಾನ್ ಮತ್ತು ಸಿಗ್ಮಾದ ಹಳೆಯ 70-300 ಲೆನ್ಸ್‌ಗಳಲ್ಲಿ ‘ಮ್ಯಾಕ್ರೊ’ ಎಂಬ ಗುಂಡಿಯಿರುವ ಮಾದರಿಗಳು ಬರುತ್ತಿದ್ದವು. ಅವು 95 ಸೆಂ.ಮೀ. ದೂರದಿಂದ ಅರ್ಧ ಗಾತ್ರದವರೆಗೆ, ಅಂದರೆ ಎರಡಕ್ಕಿಂತ ಕಡಿಮೆ ನಾಣ್ಯದವರೆಗೆ ಹೋಗುತ್ತವೆ. ಅಲುಗಾಟ ತಡೆಯುವ ವ್ಯವಸ್ಥೆ ಅವುಗಳಲ್ಲಿಲ್ಲ, 300ರ ತುದಿಯಲ್ಲಿ ಚಿತ್ರ ಮೃದುವಾಗುತ್ತದೆ, ಬಿಳಿ ಹೂವಿನ ಅಂಚಿಗೆ ನೇರಳೆ ಗೆರೆ ಬರುತ್ತದೆ. ಆದರೂ ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ನಾನು ಕೈ ಚಾಚುವವನೇ.

70-200 ಎಫ್/2.8. ಮದುವೆ ಫೋಟೊಗ್ರಾಫರ್‌ಗಳ ಹೆಮ್ಮೆಯ ಲೆನ್ಸ್. ತೂಕ ಒಂದೂವರೆ ಕಿಲೊ ಆಸುಪಾಸು. ಇದರಲ್ಲಿ ಮಾದರಿಯಿಂದ ಮಾದರಿಗೆ ಬಹಳ ವ್ಯತ್ಯಾಸವಿದೆ. ಕೆಲವು ನಾಲ್ಕು ನಾಣ್ಯಕ್ಕೆ ಹೋಗುತ್ತವೆ, ಕೆಲವು ಏಳರಲ್ಲೇ ಕುಳಿತುಬಿಡುತ್ತವೆ. ನಾಣ್ಯ ಇಟ್ಟು ನೋಡದೆ ಎರವಲು ತರಬೇಡಿ.

300 ಎಫ್/4 ಲೆನ್ಸ್ ಒಂದೂವರೆ ಮೀಟರ್‌ವರೆಗೆ ಹತ್ತಿರ ಹೋಗಿ ಮೂರೂವರೆಯಿಂದ ನಾಲ್ಕು ನಾಣ್ಯ ಹಿಡಿಯುತ್ತದೆ. ಎತ್ತರದ ಕೊಂಬೆಯ ಚಿಟ್ಟೆಗೆ ಒಳ್ಳೆಯದು. 150-600ರ ವಿಷಯ ಆಗಲೇ ಹೇಳಿದ್ದೇನೆ, ಮತ್ತೆ ಕೆದಕಬೇಡಿ.

ಮೊಬೈಲ್ ಮಾತ್ರ ಇರುವವರು ‘ಮ್ಯಾಕ್ರೊ’ ಗುಂಡಿಯನ್ನು ಮರೆತುಬಿಡಿ. ಅದು ಎರಡು ಬೆರಳು ದೂರದಿಂದ ತೆಗೆಯುವ ವ್ಯವಸ್ಥೆ. ಎರಡು ಪಟ್ಟು ಅಥವಾ ಮೂರು ಪಟ್ಟು ಎಂದು ತೋರಿಸುವ ಟೆಲಿ ಕ್ಯಾಮೆರಾಕ್ಕೆ ಬದಲಿಸಿ, ಅದೇ ನಾಣ್ಯದ ಪರೀಕ್ಷೆ ಮಾಡಿ ನೋಡಿ.

ಕಡಿಮೆ ಖರ್ಚಿನ ದಾರಿ

ಇರುವ ಜೂಮ್ ಐದಾರು ನಾಣ್ಯದಲ್ಲೇ ನಿಂತುಬಿಟ್ಟರೆ ಹೊಸ ಲೆನ್ಸಿಗೆ ಓಡುವ ಮುನ್ನ ಕ್ಲೋಸ್‌ಅಪ್ ಲೆನ್ಸ್ ಎಂಬ ಬಿಲ್ಲೆಯನ್ನು ನೋಡಿ. ಓದುವ ಕನ್ನಡಕವನ್ನು ಲೆನ್ಸಿಗೆ ತೊಡಿಸಿದಂತೆ. ಫಿಲ್ಟರಿನ ಹಾಗೆ ಮುಂದೆ ತಿರುಗಿಸಿ ಕೂರಿಸುವುದು. ಇದರ ಲೆಕ್ಕ ಬಹಳ ಸರಳ: 1000ವನ್ನು ಅದರ ಡಯಾಪ್ಟರ್‌ನಿಂದ, ಅಂದರೆ ಕನ್ನಡಕದ ನಂಬರಿನಂಥ ಅಂಕಿಯಿಂದ, ಭಾಗಿಸಿದರೆ ಎಷ್ಟು ಮಿ.ಮೀ. ದೂರದಲ್ಲಿ ಕೆಲಸ ಮಾಡುತ್ತದೆ ಎಂಬುದು ಸಿಗುತ್ತದೆ, ಇದು ಮುಖ್ಯ ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿಟ್ಟಾಗಿನ ಮಾತು. +2 ಆದರೆ 500 ಮಿ.ಮೀ., ಮೊಳಕ್ಕಿಂತ ನಾಲ್ಕು ಬೆರಳು ಹೆಚ್ಚು. 250 ಮಿ.ಮೀ. ಜೂಮಿಗೆ ಅದನ್ನು ಹಾಕಿದರೆ ಹಿಗ್ಗುವಿಕೆ 250 ಭಾಗಿಸು 500, ಅಂದರೆ ಅರ್ಧ ಗಾತ್ರ. ಎರಡಕ್ಕಿಂತ ಕಡಿಮೆ ನಾಣ್ಯ. ಬೆಳಕು ಕುಗ್ಗುವುದಿಲ್ಲ. ಕ್ಯಾನನ್ 500ಡಿ ಎಂಬುದು ಇಂಥದ್ದೇ +2 ಬಿಲ್ಲೆ, ಎರಡು ಗಾಜು ಜೋಡಿಸಿ ಮಾಡಿದ್ದು. ಅದರ ಹಿಂದೆ ನಿಕಾನ್ ಲೆನ್ಸಿದ್ದರೂ ಅದಕ್ಕೆ ಬೇಸರವಿಲ್ಲ, ತಿರುಪಿನ ಅಳತೆ ಹೊಂದಿದರೆ ಸಾಕು. ಅಗ್ಗದ ಡಬ್ಬಿಗಳಲ್ಲಿ +1, +2, +4, +10 ಎಂದು ನಾಲ್ಕು ಬಿಲ್ಲೆ ಬರುತ್ತವೆ. ಒಂಟಿ ಗಾಜಿನವು, ಅಂಚಿನಲ್ಲಿ ಬಣ್ಣ ಒಡೆಯುತ್ತದೆ, ಆದರೂ +2 ಬಳಸಬಹುದು. +10 ಎಂದರೆ 10 ಸೆಂ.ಮೀ. ದೂರ. ಅದನ್ನು ಮಕ್ಕಳಿಗೆ ಇರುವೆ ನೋಡಲು ಕೊಡಿ.

ಎಕ್ಸ್‌ಟೆನ್ಷನ್ ಟ್ಯೂಬ್ ಇನ್ನೊಂದು ದಾರಿ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಗಾಜಿಲ್ಲದ ಬಳೆ. ಇದರಿಂದ ಸೇರುವ ಹಿಗ್ಗುವಿಕೆ, ಬಳೆಯ ಉದ್ದವನ್ನು ಲೆನ್ಸಿನ ಫೋಕಲ್ ದೂರದಿಂದ ಭಾಗಿಸಿದಷ್ಟು. 50 ಮಿ.ಮೀ. ಲೆನ್ಸಿಗೆ 12 ಮಿ.ಮೀ. ಬಳೆ ಹಾಕಿದರೆ 0.24 ಸೇರುತ್ತದೆ, ಆದರೆ ದೂರ ಗೇಣಿಗಿಳಿಯುತ್ತದೆ. 300 ಮಿ.ಮೀ. ಲೆನ್ಸಿಗೆ 36 ಮಿ.ಮೀ. ಬಳೆ ಹಾಕಿದರೂ ಸೇರುವುದು 0.12 ಮಾತ್ರ. ಬಳೆ ಹಾಕಿದ ಮೇಲೆ ದೂರದ ವಸ್ತುವಿಗೆ ಫೋಕಸ್ ಸಿಗುವುದಿಲ್ಲ. ಕೊಳ್ಳುವುದಾದರೆ ಹಿತ್ತಾಳೆಯ ಚುಕ್ಕೆಗಳಂಥ ವಿದ್ಯುತ್ ಸಂಪರ್ಕಗಳು ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಆಟೊಫೋಕಸ್ಸೂ ಇಲ್ಲ, ಕ್ಯಾಮೆರಾದಿಂದ ಅಪರ್ಚರ್ ಬದಲಿಸುವುದೂ ಇಲ್ಲ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಎರವಲು. ಆಷಾಢದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ಕಲ್ಯಾಣ ಮಂಟಪಗಳು ಖಾಲಿ, ತಾಳಿ ಲೆನ್ಸ್ ಕಪಾಟಿನಲ್ಲಿ ಆಕಳಿಸುತ್ತಿರುತ್ತದೆ. ನಾನು ಕೇಳಿದಾಗ ನಮ್ಮ ಓಣಿಯವರು ಹೇಳಿದ್ದು ಇಷ್ಟೆ: ‘ಒಯ್ಯಿರಿ ಸರ್, ಶ್ರಾವಣ ಬರುವಷ್ಟರಲ್ಲಿ ತಂದುಕೊಡಿ. ಮುಂದಿನ ಗಾಜಿಗೆ ಬೆರಳು ತಾಗಿಸಬೇಡಿ.’ ಧನುರ್ಮಾಸದಲ್ಲಿಯೂ ಇದೇ ಮಾತು ನಡೆಯುತ್ತದೆ.

ಎಫ್/2.8 ಇರಲೇಬೇಕೇ?

ಅಂಗಡಿಯಲ್ಲಿ ಅತಿ ಹೆಚ್ಚು ಹಣ ಕೀಳುವ ಪ್ರಶ್ನೆ ಇದು. ಚಿಟ್ಟೆ ಮನೆಯ ಒಳಗೆ ಬೆಳಕು ಕಡಿಮೆ, ಆದ್ದರಿಂದ ಎಫ್/2.8 ಬೇಕೇ ಬೇಕು ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ಅರ್ಧ ಸರಿಯೂ ಹೌದು.

ಬಳ್ಳಾರಿ ಗುಡ್ಡದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 100, ಎಫ್/8, ಸೆಕೆಂಡಿನ 1/400 ಸಾಕು. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ, ಏರಿಸಿದಷ್ಟೂ ಚಿತ್ರ ಬೆಳಗುತ್ತದೆ, ಕಾಳುಕಾಳೂ ಆಗುತ್ತದೆ. ಬನ್ನೇರುಘಟ್ಟದಲ್ಲಿ ಇರುವಂತೆ ಪಾಲಿಕಾರ್ಬೊನೇಟ್ ಹೊದಿಸಿದ ಗುಮ್ಮಟದ ಕೆಳಗೆ, ಅದರ ಮೇಲೆ ಗಿಡಗಳ ನೆರಳೂ ಸೇರಿ, ನಾಲ್ಕು ಸ್ಟಾಪ್ ಬೆಳಕು ಕಡಿಮೆಯಾಯಿತೆಂದುಕೊಳ್ಳಿ. ಪ್ರತಿ ಸ್ಟಾಪಿಗೂ ಅರ್ಧ, ಅಂದರೆ ಹದಿನಾರನೇ ಒಂದು ಭಾಗ. ಅದೇ ಎಫ್/8, ಅದೇ 1/400 ಬೇಕಾದರೆ ಐಎಸ್‌ಒ 1600. ಈಗಿನ ಯಾವ ಕ್ಯಾಮೆರಾವೂ 1600ಕ್ಕೆ ಅಳುವುದಿಲ್ಲ. 3200ಕ್ಕೂ ಅಷ್ಟಾಗಿ ಇಲ್ಲ.

ಎಫ್/2.8 ತೆರೆದು ಐಎಸ್‌ಒ ಇಳಿಸಬಹುದಲ್ಲ ಎಂದರೆ, ಇಳಿಸಬಹುದು. ಆದರೆ ಮೂರು ನಾಣ್ಯದ ಹತ್ತಿರದಲ್ಲಿ ಎಫ್/2.8ರಲ್ಲಿ ಸ್ಪಷ್ಟವಾಗಿ ಬರುವ ಪದರದ ದಪ್ಪ 2 ಮಿ.ಮೀ.ಗಿಂತ ಕಡಿಮೆ. ಕಣ್ಣು ಬಂದರೆ ಮೀಸೆಯ ತುದಿ ಇಲ್ಲ, ಮೀಸೆ ಬಂದರೆ ರೆಕ್ಕೆಯ ಅಂಚು ಇಲ್ಲ. ಎಫ್/8ಕ್ಕೆ ಹೋದರೆ ಸುಮಾರು 5 ಮಿ.ಮೀ. ಸಿಗುತ್ತದೆ, ಅದೇ ಹೆಚ್ಚು. ಹಾಗಾಗಿ ಎಫ್/2.8 ಲೆನ್ಸ್ ಕೊಂಡವರೂ ಕೊನೆಗೆ ತೆಗೆಯುವುದು ಎಫ್/5.6ರಿಂದ ಎಫ್/8ರ ನಡುವೆಯೇ. ಅಲ್ಲಿಗೆ ಬಂದ ಮೇಲೆ ನಿಮ್ಮ ಮನೆಯ ಜೂಮಿಗೂ ಅದಕ್ಕೂ ಇದ್ದ ಅಂತರ ಬಹಳ ಕಿರಿದಾಗುತ್ತದೆ. ದೊಡ್ಡ ಅಪರ್ಚರ್‌ನ ನಿಜವಾದ ಲಾಭ ಬೇರೆ ಇದೆ: ಕನ್ನಡಿಯ ಕ್ಯಾಮೆರಾದಲ್ಲಿ (ಡಿಎಸ್‌ಎಲ್‌ಆರ್) ಕಣ್ಣಿಟ್ಟು ನೋಡುವ ಕಿಂಡಿ ಬೆಳಗಿರುತ್ತದೆ, ಮಬ್ಬಿನಲ್ಲಿ ಫೋಕಸ್ ಬೇಗ ಹಿಡಿಯುತ್ತದೆ. ಅಷ್ಟಕ್ಕೆ ಎಷ್ಟು ಕೊಡಬೇಕೆಂದು ನೀವೇ ಲೆಕ್ಕ ಹಾಕಿ.

ಅಲುಗಾಟ ತಡೆಯುವ ವ್ಯವಸ್ಥೆಗೂ ಇದೇ ಮಾತು. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಚಿಟ್ಟೆಯ ರೆಕ್ಕೆಯನ್ನಲ್ಲ. ಮಾರ್ಮನ್, ರೋಸ್‌ಗಳಂಥ ಬಾಲದ ಚಿಟ್ಟೆಗಳು ಹೂವಿನ ಮೇಲೆ ಕುಳಿತು ಮಕರಂದ ಹೀರುವಾಗಲೂ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಅವುಗಳಿಗೆ 1/1000 ಬೇಕು. ಸುಮ್ಮನೆ ಕುಳಿತ ಟೈಗರ್‌ಗಳಿಗೆ 1/250 ಸಾಕು.

ಮನೆಯಲ್ಲೇ ಒಂದು ತಾಲೀಮು

ರೈಲು ಹತ್ತುವ ಮುನ್ನ ಇದನ್ನು ಮಾಡಿ. ಕಾಗದದಲ್ಲಿ ಎಂಟು ಸೆಂ.ಮೀ. ಅಗಲದ ಚಿಟ್ಟೆ ಕತ್ತರಿಸಿ, ಕಪ್ಪು ಪೆನ್ನಿನಲ್ಲಿ ಎರಡು ಕಣ್ಣು ಬರೆದು, ದಾರದಲ್ಲಿ ಕಟ್ಟಿ ನಡುಮನೆಯಲ್ಲಿ ತೂಗುಹಾಕಿ. ಕಿಟಕಿಯ ಪರದೆ ಎಳೆದು ಬೆಳಕು ಕಡಿಮೆ ಮಾಡಿ, ಫ್ಯಾನನ್ನು ಒಂದಕ್ಕೆ ಇಡಿ. ಈಗ ಆ ಕಣ್ಣನ್ನು ಸ್ಪಷ್ಟವಾಗಿ ಹಿಡಿಯಿರಿ ನೋಡೋಣ. ನನಗೆ ಮೊದಲ ದಿನ ಮೂವತ್ತರಲ್ಲಿ ಎರಡು ಸಿಕ್ಕವು. ಮನೆಯವರು ಬಂದು, ‘ಕರೆಂಟು ಉಳಿಸುತ್ತಿದ್ದೀರಾ?’ ಎಂದು ಕೇಳಿಹೋದರು.

ಅಭ್ಯಾಸವಾಗುತ್ತಿದ್ದಂತೆ ಒಂದು ಉಪಾಯ ತಾನಾಗಿ ಕೈಗೆ ಹತ್ತುತ್ತದೆ. ಫೋಕಸ್ಸನ್ನು ಮೂರು ನಾಣ್ಯದ ದೂರಕ್ಕೆ ಕಟ್ಟಿಹಾಕಿ, ದೇಹವನ್ನೇ ಒಂದೆರಡು ಬೆರಳಿನಷ್ಟು ಹಿಂದೆ ಮುಂದೆ ತೂಗುತ್ತ, ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಒತ್ತುವುದು. ಮ್ಯಾಕ್ರೊ ಲೆನ್ಸಿನ ಬದಿಯಲ್ಲಿ ಫೋಕಸ್ ಮಿತಿಯ ಗುಂಡಿಯಿದ್ದರೆ ಅದನ್ನೂ ಬಳಸಿ. ಇಲ್ಲದಿದ್ದರೆ ಗುರಿ ತಪ್ಪಿದಾಗಲೆಲ್ಲ ಲೆನ್ಸ್ ಈ ತುದಿಯಿಂದ ಆ ತುದಿಯವರೆಗೆ ಸವಾರಿ ಹೊರಡುತ್ತದೆ.

ಆಮೇಲೆ ನಿಜವಾದ ಚಿಟ್ಟೆ. ಅದಕ್ಕೆ ಕಾಡಿಗೆ ಹೋಗಬೇಕಿಲ್ಲ. ಹಿತ್ತಲಿನ ಕರಿಬೇವು, ನಿಂಬೆ ಗಿಡಗಳಿಗೆ ಲೈಮ್ ಚಿಟ್ಟೆ, ಮಾರ್ಮನ್ ಮೊಟ್ಟೆಯಿಡಲು ಬರುತ್ತವೆ. ಖಾಲಿ ಸೈಟಿನ ಎಕ್ಕಕ್ಕೆ ಪ್ಲೇನ್ ಟೈಗರ್ ಬರುತ್ತದೆ. ಹನುಮಪ್ಪನ ಹಾರಕ್ಕೆ ಎಕ್ಕದ ಹೂವು ಬಿಡಿಸುವವರು ಆ ಗಿಡದ ಎಲೆಯ ಅಡಿಯಲ್ಲಿ ಪಟ್ಟೆಪಟ್ಟೆಯ ಹುಳು ಕಂಡಿರುತ್ತೀರಿ. ಅದೇ ಮುಂದೆ ಚಿಟ್ಟೆಯಾಗುವುದು.

ಹೊರಡುವ ದಿನ

ಬನ್ನೇರುಘಟ್ಟದ ಚಿಟ್ಟೆ ಉದ್ಯಾನ 2006ರಿಂದ ನಡೆಯುತ್ತಿದೆ. ಅದಿರುವ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ, ನಮ್ಮೂರಿನಿಂದ ಹೊರಡುವವರು ಸೋಮವಾರ ರಾತ್ರಿಯ ರೈಲು ಹತ್ತಿ ಮೋಸ ಹೋಗಬೇಡಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಬೆಳಗ್ಗೆ ಚಿಟ್ಟೆಗಳು ಮೈ ಬಿಸಿ ಮಾಡಿಕೊಳ್ಳಲು ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತವೆ, ಜನವೂ ಕಡಿಮೆ. ಟ್ರೈಪಾಡ್ ಬಿಟ್ಟು ಹೋಗಿ, ಕಿರಿದಾದ ದಾರಿಯಲ್ಲಿ ಅದು ಬೇರೆಯವರ ಕಾಲಿಗೆ ತೊಡರುತ್ತದೆ. ಫ್ಲ್ಯಾಶ್ ಬಳಸಬಹುದೇ ಎಂದು ಬಾಗಿಲಲ್ಲೇ ಕೇಳಿ. ಅನುಮತಿಯಿದ್ದರೂ ಕ್ಯಾಮೆರಾದ ಮೇಲಿನ ಸಣ್ಣ ಫ್ಲ್ಯಾಶ್ ಇಷ್ಟು ಹತ್ತಿರದಲ್ಲಿ ಲೆನ್ಸಿನದೇ ನೆರಳನ್ನು ಚಿಟ್ಟೆಯ ಮೇಲೆ ಬೀಳಿಸುತ್ತದೆ.

ಲೆನ್ಸ್ ಬದಲಿಸುವ ಕೆಲಸವನ್ನು ಮನೆಯಲ್ಲೇ ಮುಗಿಸಿಬಿಡಿ. ಸಂಡೂರು ರಸ್ತೆಯ ಅದಿರು ಲಾರಿಗಳ ಕೆಂಪು ಧೂಳು ಸೆನ್ಸರಿನ ಮೇಲೆ ಕುಳಿತರೆ ಹೋಗುವುದು ಸುಲಭವಲ್ಲ. ಎಸಿ ಬೋಗಿಯಲ್ಲೋ ಎಸಿ ಕಾರಿನಲ್ಲೋ ಬಂದವರಿಗೆ ಇನ್ನೊಂದು ಪೇಚು ಕಾದಿರುತ್ತದೆ. ನಮ್ಮ ಒಣ ಸೆಕೆಗೆ ಒಗ್ಗಿದ ನಮಗೆ ಅದು ಹೊಳೆಯುವುದಿಲ್ಲ. ಚಿಟ್ಟೆ ಮನೆಯ ಒಳಗಿನ ಗಾಳಿ ಬೆಚ್ಚಗೆ, ತೇವವಾಗಿರುತ್ತದೆ. ತಣ್ಣಗಿರುವ ಲೆನ್ಸನ್ನು ನೇರವಾಗಿ ಅಲ್ಲಿ ತೆಗೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಹಾಗೇ ಇಟ್ಟು ಲೆನ್ಸ್ ಬೆಚ್ಚಗಾಗಲು ಬಿಡಿ, ಅಷ್ಟು ಹೊತ್ತು ಕಣ್ಣಿನಿಂದ ನೋಡುತ್ತ ಒಂದು ಸುತ್ತು ಬನ್ನಿ. ಯಾವ ಹೂವಿಗೆ ಚಿಟ್ಟೆ ಮತ್ತೆ ಮತ್ತೆ ಬರುತ್ತಿದೆ, ಹಣ್ಣಿನ ತಟ್ಟೆ ಎಲ್ಲಿದೆ ಎಂಬುದು ಆಗಲೇ ತಿಳಿದುಬಿಡುತ್ತದೆ.

ನಂತರ ಅಲ್ಲೇ ನಿಲ್ಲಿ. ಚಿಟ್ಟೆಯ ಹಿಂದೆ ಓಡಿದವರಿಗೆ ಅದರ ಬೆನ್ನೇ ಸಿಗುವುದು. ರೆಕ್ಕೆ ಮಡಿಸಿದ ಚಿಟ್ಟೆ ಸಿಕ್ಕರೆ ಸೆನ್ಸರ್ ಅದರ ರೆಕ್ಕೆಗೆ ಸಮಾನಾಂತರವಾಗಿ ಬರುವಂತೆ ಪಕ್ಕಕ್ಕೆ ಸರಿಯಿರಿ, ಆ 5 ಮಿ.ಮೀ. ಪದರದಲ್ಲಿ ಇಡೀ ಚಿಟ್ಟೆ ಕೂರುತ್ತದೆ. ಹಿನ್ನೆಲೆಯ ಎಲೆಗಳು ಚಿಟ್ಟೆಯಿಂದ ದೂರವಿರುವ ಕೋನವನ್ನು ಹುಡುಕಿ. ಕೋಶದ ಪೆಟ್ಟಿಗೆಯ ಗಾಜಿನ ಮೂಲಕ ತೆಗೆಯುವಾಗ ಲೆನ್ಸಿನ ಹುಡ್, ಅಂದರೆ ಮೂತಿಗೆ ತೊಡಿಸುವ ಅಡ್ಡಬೆಳಕು ತಡೆಯುವ ಬಳೆ, ಗಾಜಿಗೆ ಮೆಲ್ಲಗೆ ತಾಗಿರಲಿ, ನಿಮ್ಮ ಅಂಗಿಯ ಪ್ರತಿಬಿಂಬ ಬರುವುದಿಲ್ಲ. ಪ್ರತಿಫಲನ ತಡೆಯುವ ಪೋಲರೈಸರ್ ಫಿಲ್ಟರ್ ಬೇಡ, ಇರುವ ಬೆಳಕಿನಲ್ಲಿ ಒಂದೆರಡು ಸ್ಟಾಪ್ ಅದೇ ನುಂಗುತ್ತದೆ.

ಹೆಜ್ಜೆ ಇಡುವಾಗ ಕೆಳಗೆ ನೋಡಿಕೊಳ್ಳಿ, ಒದ್ದೆ ನೆಲದ ಮೇಲೂ ಚಿಟ್ಟೆಗಳು ಕುಳಿತಿರುತ್ತವೆ. ಹೊರಬರುವ ಜೋಡಿ ಬಾಗಿಲಿನ ನಡುವೆ ನಿಂತು ಟೋಪಿ, ಚೀಲದ ಪಟ್ಟಿ, ಬೆನ್ನು ಎಲ್ಲವನ್ನೂ ಒಮ್ಮೆ ಜೊತೆಯವರಿಂದ ನೋಡಿಸಿಕೊಳ್ಳಿ. ಲೆನ್ಸಿನ ಹುಡ್ ಒಳಗೂ ನೋಡಿ. ತಾಳಿ ಲೆನ್ಸ್ ಒಯ್ದಿದ್ದ ದಿನ ನನ್ನ ಹುಡ್‌ನ ಅಂಚಿನ ಮೇಲೆ ಒಂದು ಟೈಗರ್ ಕಾಲೂರಿ ಕುಳಿತಿತ್ತು, ಗಾಜಿನಿಂದ ನಾಲ್ಕು ಬೆರಳು ದೂರದಲ್ಲಿ, ಯಾವ ಲೆನ್ಸಿಗೂ ಸಿಗದಷ್ಟು ಹತ್ತಿರ. ಕಾವಲಿನವರು ಒಳಬಾಗಿಲು ತೆರೆದು ಹಿಡಿದರು, ನಾನು ಕ್ಯಾಮೆರಾವನ್ನು ಹೂಬುಟ್ಟಿಯಂತೆ ಮುಂದೆ ಚಾಚಿ ಅದು ಏಳುವವರೆಗೆ ನಿಂತಿದ್ದೆ.